ಮಲೆನಾಡಿನ ಮಳೆಯಲ್ಲಿ ಹಳೇ ಯುದ್ಧವಿಮಾನವನ್ನು ಉಳಿಸಿಕೊಳ್ಳುವುದು ಹೇಗೆ?

ಆಶ್ಲೇಷ ಮಳೆ ಹಿಡಿದು ನಾಲ್ಕನೇ ದಿನ. ತೀರ್ಥಹಳ್ಳಿ ಕಡೆಯ ಒಂದು ಶಿಕ್ಷಣ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಕಿರಣ್ ತರಬೇತಿ ವಿಮಾನದ ಹೊಟ್ಟೆಯಡಿ ಗೋಣಿ ಹಾಸಿಕೊಂಡು ಅಂಗಾತ ಮಲಗಿದ್ದೆ. ಕೈಯಲ್ಲಿ ಊದುಬತ್ತಿಯಷ್ಟು ಸಪೂರದ ಬಿದಿರು ಕಡ್ಡಿ. ಒಳಗಿನ ನೀರು ಇಳಿದುಹೋಗಲು ತಗಡಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತು ಇರಬೇಕಿತ್ತು. ಇರಲಿಲ್ಲ. ಮೂರು ಸಲ ಬಣ್ಣ ಹೊಡೆಸಿದವರು ಅದನ್ನೂ ಸೇರಿಸಿ ಹೊಡೆಸಿದ್ದರು. ಬಣ್ಣ ಸ್ವಲ್ಪ ತಗ್ಗಾದ ಜಾಗ ಬೆರಳಲ್ಲಿ ತಡವಿ, ಕಡ್ಡಿ ಚುಚ್ಚಿದೆ. ಚಹಾ ಬಣ್ಣದ ನೀರು ನೇರ ಮುಖಕ್ಕೇ ಬಿತ್ತು. ಬಕೆಟ್ ತರಿಸಿದೆವು. ಒಂದು ಸಾಲದೆ ಎರಡನೆಯದನ್ನೂ ಇಡಬೇಕಾಯಿತು.

ಜೊತೆಗೆ ಬಂದಿದ್ದ ಪಕ್ಕದ ತೋಟದವರು ಕಂಬಳಿ ಕೊಪ್ಪೆಯೊಳಗಿಂದಲೇ ಕೇಳಿದರು: "ಎಂತ ಭಾವ, ವಿಮಾನದಲ್ಲೂ ಜಲ ಎದ್ದಿದ್ಯಾ?"

ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಮೈಯ ರಿಪೇರಿಯವನು) ಆಗಿದ್ದು, ಈಗ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಆ ಪ್ರಶ್ನೆಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮ ಕಡೆ ವಿಮಾನವನ್ನು ಕೊಲ್ಲುವುದು ಮೇಲೆ ಬೀಳುವ ಮಳೆಗಿಂತ ಒಳಗೆ ಹೊಕ್ಕು ಹೊರಬರಲಾಗದ ನೀರು. ಈ ಒಂದು ಮಾತು ತಲೆಯಲ್ಲಿದ್ದರೆ ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ನೀವೇ ಊಹಿಸಿಕೊಳ್ಳುತ್ತೀರಿ.

ಈಗ ಇದನ್ನು ಬರೆಯಲು ಕಾರಣವೂ ಇದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿದರು. 1963ರಿಂದ 62 ವರ್ಷ ದುಡಿದ ವಿಮಾನ. ಅಂದಿನಿಂದ "ನಮ್ಮೂರಿಗೂ ಒಂದು ತರಿಸಿದರೆ ಹೇಗೆ" ಎಂದು ಕೇಳುವವರು ನನಗೇ ನಾಲ್ಕೈದು ಜನ ಸಿಕ್ಕಿದ್ದಾರೆ. ಕನ್ನಡದವರಿಗೆ ಈ ಆಸೆ ಬರುವುದು ಸಹಜ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯೇ ಇವತ್ತಿನ ಎಚ್‌ಎಎಲ್. 1951ರಲ್ಲಿ ಹಾರಿದ ಎಚ್‌ಟಿ-2, 1961ರ ಜೂನ್ 17ರಂದು ಹಾರಿದ ಮಾರುತ್, 1964ರ ಕಿರಣ್ ಎಲ್ಲವೂ ಅಲ್ಲಿ ಹುಟ್ಟಿದವು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇವನ್ನು ಹತ್ತಿರದಿಂದ ನೋಡಬಹುದು. ನೋಡಿ ಬನ್ನಿ, ಆದರೆ ಅಲ್ಲಿನ ಪದ್ಧತಿಯನ್ನು ಕಣ್ಣುಮುಚ್ಚಿ ಇಲ್ಲಿ ಅನುಸರಿಸಬೇಡಿ. ಬೆಂಗಳೂರಿನ ಹವೆ ಬೇರೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಹವೆ ಬೇರೆ. ಶಿವಮೊಗ್ಗ ಪೇಟೆಯಲ್ಲಿ ನಡೆಯುವ ಉಪಾಯವೂ ಮಂಡಗದ್ದೆ ದಾಟಿ ಪಶ್ಚಿಮಕ್ಕೆ ಹೋದರೆ ನಡೆಯುವುದಿಲ್ಲ.

ಮೊದಲು ತೀರ್ಮಾನಿಸಿ: ಹಾರಿಸುವುದೋ, ಹೊಸದು ಮಾಡುವುದೋ, ಇದ್ದಂತೆ ಉಳಿಸುವುದೋ

ಹಳೇ ವಿಮಾನದ ಕೆಲಸ ಮೂರು ಬಗೆ. ಮತ್ತೆ ಹಾರುವಂತೆ ಮಾಡುವುದು ಒಂದು. ವಾಯುಪಡೆಯ ಡಕೋಟಾ 'ಪರಶುರಾಮ' ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಕೆಲಸ ನಡೆದು 2018ರಲ್ಲಿ ಭಾರತಕ್ಕೆ ಹಾರಿ ಬಂತು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ನೆನಪಿಗೆ ವಿಪಿ 905 ಎಂಬ ಸಂಖ್ಯೆಯನ್ನೇ ಅದಕ್ಕೆ ಕೊಟ್ಟಿದ್ದಾರೆ. (ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲೂ ಹೋಗದೆ ಕೊನೆಗೆ ಹೋಗಿದ್ದು ತೀರ್ಥಹಳ್ಳಿಯ ತುಂಗೆಯಲ್ಲಿ ಎಂದು ನಮ್ಮ ಸ್ಥಳಪುರಾಣ. ಲೋಹ ತೊಳೆಯುವ ವಿದ್ಯೆಗೆ ನಮ್ಮೂರಿನಲ್ಲಿ ಅಷ್ಟು ಹಳೇ ಹೆಸರಿದೆ ಎಂದು ನಾನು ತಮಾಷೆ ಮಾಡುವುದುಂಟು.)

ಇನ್ನೂ ಹಿಂದಕ್ಕೆ ಹೋದರೆ ಲಿಬರೇಟರ್ ಬಾಂಬರ್‌ಗಳ ಕಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ರಾಶಿ ಬಿದ್ದಿದ್ದವು, ಮತ್ತೆ ಯಾರೂ ಹಾರಿಸಬಾರದೆಂದು ಬೇಕಂತಲೇ ಜಖಂ ಮಾಡಿ ಬಿಟ್ಟವು. ಎಚ್‌ಎಎಲ್‌ನವರು ಅವುಗಳಲ್ಲಿ 40ಕ್ಕೂ ಹೆಚ್ಚನ್ನು ಅಲ್ಲಿಯೇ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ಸೇವೆಯಲ್ಲಿದ್ದವು. 18,000ಕ್ಕೂ ಹೆಚ್ಚು ತಯಾರಾದ ಆ ಮಾದರಿಯಲ್ಲಿ ಇಂದು ಬ್ರಿಟನ್, ಅಮೆರಿಕ, ಕೆನಡಾದ ಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವು ನಮ್ಮ ವಾಯುಪಡೆಯಿಂದ ಹೋದವೇ.

ಅದು ಕಾರ್ಖಾನೆಯ ಕೆಲಸ. ನಮ್ಮ ನಿಮ್ಮ ಕೈಲಾಗುವಂಥದ್ದಲ್ಲ. ಎರಡನೆಯ ದಾರಿ, ಬಿಚ್ಚಿ, ಹಳೆಯದನ್ನು ತೆಗೆದು ಹೊಸದು ಹಾಕಿ ಫಳಫಳ ಮಾಡುವುದು. ಊರಿನ ಸಮಿತಿಗಳಿಗೆ ಬಹಳ ಇಷ್ಟವಾಗುವುದು ಇದೇ. ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮೂರನೆಯದೇ ಸರಿ: ಇದ್ದದ್ದನ್ನು ಇದ್ದ ಹಾಗೆ ನಿಲ್ಲಿಸಿ, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು. ಖರ್ಚೂ ಕಡಿಮೆ, ತಪ್ಪು ಮಾಡಿದರೆ ಹಿಂದಕ್ಕೆ ಬರುವ ದಾರಿಯೂ ಉಂಟು.

ಸ್ಪ್ಯಾನರ್ ಮುಟ್ಟುವ ಮೊದಲು ಪುಸ್ತಕ ತೆರೆಯಿರಿ

ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ವಿಮಾನ ಯಾರ ಹೆಸರಿನಲ್ಲಿದೆ, ಕೊಟ್ಟವರ ಪತ್ರದಲ್ಲಿ ಏನು ಷರತ್ತಿದೆ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಸೇನೆಯಿಂದ ಪ್ರದರ್ಶನಕ್ಕೆ ಬಂದ ವಿಮಾನದ ಭಾಗಗಳನ್ನು ನಿಮ್ಮಿಷ್ಟಕ್ಕೆ ಕಳಚಿ ಮಾರಲು, ಬದಲಿಸಲು ಬರುವುದಿಲ್ಲ.

ಆಮೇಲೆ ಫೋಟೋ. ನಾಲ್ಕೂ ದಿಕ್ಕಿನಿಂದ, ಅಡಿಯಿಂದ, ಚಕ್ರದ ಗೂಡಿನೊಳಗಿಂದ, ಕಾಕ್‌ಪಿಟ್ಟಿನ ಒಂದೊಂದು ಗುಂಡಿಯದ್ದೂ. ಪ್ರತಿ ಫೋಟೋದಲ್ಲಿ ಒಂದು ಸ್ಕೇಲ್ ಇಡಿ. ಬಾಲದಲ್ಲಿ, ಮೂತಿಯ ಬಾಗಿಲಿನೊಳಗೆ, ಚಕ್ರದ ಕಾಲಿನ ಮೇಲೆ ಚಿಕ್ಕ ಚಿಕ್ಕ ತಗಡಿನ ಫಲಕಗಳಿರುತ್ತವೆ. ಅವುಗಳ ಮೇಲಿನ ಸಂಖ್ಯೆಯೇ ವಿಮಾನದ ಜಾತಕ. ಎಷ್ಟೋ ಕಡೆ ಆ ಫಲಕಗಳ ಮೇಲೂ ಬಣ್ಣ ಬಳಿದು ಕೂತಿದ್ದಾರೆ. ಅದನ್ನು ಬಿಡಿಸಲು ಉಗುರು ಅಥವಾ ಪ್ಲಾಸ್ಟಿಕ್ ಚಾಕು ಸಾಕು. ಬ್ಲೇಡು ಬೇಡ.

ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಚೀಲಕ್ಕೆ ಹಾಕಿ ಚೀಟಿ ಬರೆಯಿರಿ. "ನೆನಪಿರುತ್ತೆ ಬಿಡಿ" ಎಂದವರ ಮಾತು ನಾನಂತೂ ನಂಬುವುದಿಲ್ಲ. ನನ್ನ ಮಾತನ್ನೂ ಸೇರಿಸಿ.

ಹತ್ತುವ ಮೊದಲು ಅಪಾಯ ಕಳೆಯಿರಿ

ಇಲ್ಲಿ ತಮಾಷೆ ಇಲ್ಲ. ಯುದ್ಧವಿಮಾನ ನಿವೃತ್ತಿಯಾದರೂ ಅದರೊಳಗಿನ ಕೆಲವು ವಸ್ತುಗಳು ನಿವೃತ್ತಿಯಾಗಿರುವುದಿಲ್ಲ.

ಇಜೆಕ್ಷನ್ ಸೀಟನ್ನು ಮೇಲಕ್ಕೆ ಚಿಮ್ಮಿಸುವುದು ಸಿಡಿಮದ್ದಿನ ಕಾರ್ಟ್ರಿಜ್. ಕಾಕ್‌ಪಿಟ್ ಮುಚ್ಚಳ ಹಾರಿಸಲೂ, ಬೆಂಕಿ ಆರಿಸುವ ಬಾಟಲಿ ಒಡೆಯಲೂ ಅಂಥವೇ ಇರುತ್ತವೆ. ಇವೆಲ್ಲ ತೆಗೆದಿದೆ ಎಂದು ಕೊಟ್ಟವರಿಂದ ಬರಹದಲ್ಲಿ ಪಡೆಯುವ ತನಕ ಯಾರನ್ನೂ, ಮಕ್ಕಳನ್ನಂತೂ ಖಂಡಿತ, ಆ ಸೀಟಿನಲ್ಲಿ ಕೂರಿಸಬೇಡಿ. ಬಾಯಿಮಾತು ಸಾಲದು.

ಹೈಡ್ರಾಲಿಕ್ ಅಕ್ಯುಮುಲೇಟರ್ ಎಂಬ ಉಂಡೆ ಅಥವಾ ಸಿಲಿಂಡರಿನಲ್ಲಿ ನೈಟ್ರೋಜನ್ ಒತ್ತಡ ವರ್ಷಗಳ ನಂತರವೂ ಉಳಿದಿರಬಹುದು. ಎಣ್ಣೆ ಪೂರ್ತಿ ಸೋರಿಹೋಗಿದೆ ಎಂದು ಬಿಚ್ಚಲು ಹೋದರೆ ಗುಂಡಿನಂತೆ ಬರುತ್ತದೆ. ಚಕ್ರದ ಕಾಲಿನ ಶಾಕ್ ಅಬ್ಸಾರ್ಬರಿಗೂ ಇದೇ ಮಾತು.

ಹಳೇ ಕಾಲದ ವಿಮಾನವಾದರೆ ಕತ್ತಲಲ್ಲಿ ಹೊಳೆಯುವ ಮುಳ್ಳಿನ ಡಯಲ್‌ಗಳಿರುತ್ತವೆ. ಅದು ರೇಡಿಯಂ ಬಣ್ಣವಿರಬಹುದು. ಹೊಳಪು ಹೋಗಿ ಕಂದಾಗಿದ್ದರೂ ವಿಕಿರಣ ಹೋಗಿರುವುದಿಲ್ಲ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಗಾಜು ಒಡೆದಿದ್ದರೆ ಒರೆಸಲು, ಊದಲು ಹೋಗಬೇಡಿ. ಕಾಕ್‌ಪಿಟ್ ಮುಚ್ಚಿ, ತಿಳಿದವರನ್ನು ಕರೆಸಿ.

ಇನ್ನು ಧೂಳು. ತಗಡಿನ ಒಳಮೈಗೆ ಬಳಿದಿರುವ ಹಳದಿ ಮಿಶ್ರಿತ ಹಸಿರು ಬಣ್ಣ ಜಿಂಕ್ ಕ್ರೋಮೇಟ್. ಅದನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಧೂಳು ಕ್ಯಾನ್ಸರ್ ತರುವಂಥದ್ದು. ಚಿನ್ನದ ಛಾಯೆಯ ಬೋಲ್ಟುಗಳ ಮೇಲಿರುವುದು ಕ್ಯಾಡ್ಮಿಯಂ, ಅದೂ ವಿಷ. ಹಳೇ ಬ್ರೇಕಿನಲ್ಲಿ, ಇಂಜಿನಿನ ಸುತ್ತಲ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಉಜ್ಜಲೇಬೇಕಾದರೆ ನೀರು ಹಚ್ಚಿಕೊಂಡು ಉಜ್ಜಿ. ಮೂಗಿಗೆ ಕರವಸ್ತ್ರ ಸಾಲದು, ಫಿಲ್ಟರ್ ಇರುವ ಮಾಸ್ಕ್ ಹಾಕಿ. ಚಕ್ರದ ಗುಂಬ, ಗೇರ್‌ಬಾಕ್ಸ್ ಕವಚಗಳು ಮೆಗ್ನೀಸಿಯಂ ಮಿಶ್ರಲೋಹದ್ದಿರಬಹುದು. ಗ್ರೈಂಡರಿನ ಕಿಡಿ ತಗುಲಿ ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಜೋರಾಗಿ ಉರಿಯುತ್ತದೆ. ಹಾಗಾಗಿ ವಿಮಾನದ ಹತ್ತಿರ ಗ್ರೈಂಡರ್, ವೆಲ್ಡಿಂಗ್ ಎರಡೂ ಬೇಡ.

ವಿಮಾನಕ್ಕೆ ಗೊರಬು ಹಾಕಿ

ದಯವಿಟ್ಟು ಕಂಬದ ಮೇಲೆ ಏರಿಸಬೇಡಿ. ಮೂತಿ ಆಕಾಶಕ್ಕೆ ಮಾಡಿ ನಿಲ್ಲಿಸಿದರೆ ನೋಡಲು ಗತ್ತು, ಒಪ್ಪುತ್ತೇನೆ. ಆದರೆ ನೀರು ಹೋಗುವ ತೂತುಗಳನ್ನು ಇಟ್ಟಿರುವುದು ವಿಮಾನ ತನ್ನ ಚಕ್ರದ ಮೇಲೆ ಮಟ್ಟವಾಗಿ ನಿಂತಾಗ ಎಲ್ಲಿ ತಗ್ಗೋ ಅಲ್ಲಿ. ಓರೆ ಮಾಡಿದ ಕೂಡಲೇ ತಗ್ಗು ಬೇರೆ ಕಡೆ ಹೋಗುತ್ತದೆ, ತೂತು ಇದ್ದಲ್ಲೇ ಇರುತ್ತದೆ. ನೀರು ಬಾಲದೊಳಗೆ ಕೆರೆ ಕಟ್ಟುತ್ತದೆ. ಮೇಲೆ ಹತ್ತಿ ನೋಡುವವರೂ ಇರುವುದಿಲ್ಲ.

ಚಕ್ರದ ಮೇಲೇ ನಿಲ್ಲಿಸಿ. ಮೇಲೆ ಒಂದು ಮಾಡು ಕಟ್ಟಿಸಿ. ಮಿಗ್-21ರ ರೆಕ್ಕೆಯ ಅಗಲ 7.15 ಮೀಟರ್, ಉದ್ದ ಹತ್ತಿರ ಹತ್ತಿರ 15 ಮೀಟರ್. ಪುಟ್ಟ ನ್ಯಾಟ್ ಯುದ್ಧವಿಮಾನವಾದರೆ ಸುಮಾರು 9 ಮೀಟರ್ ಉದ್ದ, ಏಳಕ್ಕೂ ಕಡಿಮೆ ಅಗಲ. ಅಡಿಕೆ ಒಣಗಿಸುವ ಶೆಡ್ಡಿನಷ್ಟೇ ಜಾಗ. ಆದರೆ ಮಾಡಿನ ಅಂಚು ಎಲ್ಲಾ ಕಡೆ ಎರಡು ಮೀಟರ್ ಆದರೂ ಮುಂದೆ ಚಾಚಿರಲಿ, ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲವಲ್ಲ. ಗಾಳಿ ಬರುವ ಪಶ್ಚಿಮ, ನೈಋತ್ಯ ದಿಕ್ಕಿಗೆ ಎರಚಲು ತಡೆಯಲು ತಟ್ಟಿ ಕಟ್ಟಿ. ಮನೆ ಗೋಡೆಗೆ ಕಟ್ಟುವಂತೆ ಸೋಗೆ ತಟ್ಟಿಯೂ ಆಗುತ್ತದೆ, ಆದರೆ ವಿಮಾನಕ್ಕೆ ತಾಗದಂತೆ ದೂರವಿರಲಿ, ಮಳೆಗಾಲ ಮುಗಿದ ಕೂಡಲೇ ಬಿಚ್ಚಿಬಿಡಿ. ಒಣಗಿದ ಸೋಗೆಗೆ ಒಂದು ಬೀಡಿ ತುಂಡು ಸಾಕು. ಉಳಿದ ಮೂರು ಕಡೆ ಗಾಳಿಗೆ ತೆರೆದಿರಲಿ.

ನೆಲ ಸುತ್ತಲಿಗಿಂತ ಒಂದಡಿ ಎತ್ತರವಿರಲಿ, ಸುತ್ತ ಚರಂಡಿ ಇರಲಿ. ಮರದ ಕೆಳಗೆ ಬೇಡ. ಹಕ್ಕಿ ಹಿಕ್ಕೆ ಬಣ್ಣ ತಿನ್ನುತ್ತದೆ, ಹಲಸಿನ ಹಣ್ಣು ಬಿದ್ದರೆ ರೆಕ್ಕೆಯ ತಗಡು ತಗ್ಗುತ್ತದೆ. ನಿಂತ ಭಾರ ಟೈರಿನ ಮೇಲೆ ಬೀಳದಂತೆ ಚಕ್ರದ ಕಾಲುಗಳಿಗೆ ಕಬ್ಬಿಣದ ಊರೆ ಕೊಡಿ, ಅಲ್ಯೂಮಿನಿಯಂಗೆ ತಾಗುವ ಕಡೆ ಮಧ್ಯೆ ಗಟ್ಟಿ ರಬ್ಬರ್ ಹಾಳೆ ಇಡಿ. ಮಿಗ್ ಐದು ಟನ್ನಿಗೂ ಮೀರಿದ ಭಾರ. ಜಾಕ್ ಇಡುವ ಜಾಗ ವಿಮಾನದ ಮೇಲೇ ಗುರುತು ಮಾಡಿರುತ್ತದೆ. ಬೇರೆ ಕಡೆ ಇಟ್ಟರೆ ತಗಡಿನೊಳಗೆ ನುಗ್ಗುತ್ತದೆ.

ಈಗ ನನ್ನ ತಪ್ಪಿನ ಕಥೆ. ಅದೇ ಕಿರಣ್‌ಗೆ ಮಾಡು ಕಟ್ಟುವ ಹಣ ಹೊಂದಿಸುವುದರೊಳಗೆ ಮಳೆ ಬಂತು. ಗಾಬರಿಯಲ್ಲಿ ನೀಲಿ ಟಾರ್ಪಾಲ್ ತಂದು ಕಾಕ್‌ಪಿಟ್ಟಿಗೆ ಮೂರು ಸುತ್ತು ಸುತ್ತಿ, ಒಂದು ಹನಿ ಒಳಗೆ ಹೋಗಬಾರದೆಂದು ಹಗ್ಗ ಬಿಗಿದು ಬಂದೆ. ದೀಪಾವಳಿ ಕಳೆದು ಬಿಚ್ಚಿದಾಗ ಒಳಗಿಂದ ಹಳೇ ಅಕ್ಕಿ ಮೂಟೆಯ ವಾಸನೆ. ಸೀಟಿನ ಪಟ್ಟಿಗಳ ಮೇಲೆ ಹಸಿರು ಬೂಷ್ಟು ಮಖಮಲ್ಲಿನಂತೆ ಬೆಳೆದಿತ್ತು. ಮುಚ್ಚಳದ ಪರ್‌ಸ್ಪೆಕ್ಸ್ (ಗಾಜಿನಂಥ ಪ್ಲಾಸ್ಟಿಕ್) ಮೇಲೆ ಟಾರ್ಪಾಲ್ ಗಾಳಿಗೆ ಉಜ್ಜಿ ಉಜ್ಜಿ ಮಂಜಾಗಿತ್ತು. ಹನಿ ನೀರೂ ಒಳಗೆ ಹೋಗಿರಲಿಲ್ಲ ನಿಜ. ಒಳಗಿದ್ದ ತೇವ ಹೊರಗೂ ಹೋಗಿರಲಿಲ್ಲ. ಇಪ್ಪತ್ತು ವರ್ಷದ ಸರ್ವಿಸ್ ಮಾಡಿದವನು ನಾನು.

ಹೊದಿಸಲೇಬೇಕಾದರೆ ಬಿಳಿ ಹತ್ತಿ ಬಟ್ಟೆ ಹೊದಿಸಿ, ಅದರ ಮೇಲೆ ತಾಗದ ಹಾಗೆ ಟಾರ್ಪಾಲನ್ನು ಚಪ್ಪರದಂತೆ ಕಟ್ಟಿ. ಕಾಕ್‌ಪಿಟ್ಟಿನೊಳಗೆ ಹವೆಯ ತೇವ ತೋರಿಸುವ ಪುಟ್ಟ ಮೀಟರ್ ಒಂದನ್ನಿಡಿ. ಶೇ. 60 ದಾಟಿದರೆ ಉಕ್ಕಿಗೆ ಕೇಡು, 70ರ ಹತ್ತಿರ ಬೂಷ್ಟು ಶುರು. ಜುಲೈಯಲ್ಲಿ ನಮ್ಮ ಕಡೆ ಹೊರಗೆ ತೊಂಬತ್ತು ಮಾಮೂಲು. ತೇವ ಹೀರುವ ಯಂತ್ರ ಇಡಬಹುದು, ಕರೆಂಟು ಇದ್ದರೆ ತಾನೇ. ಆದ್ದರಿಂದ ಸಿಲಿಕಾ ಜೆಲ್ ಚೀಲಗಳನ್ನು ನೇತುಹಾಕಿ. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ವಿಷವಿದೆ. ಬಣ್ಣ ಬದಲಾದ ಮೇಲೆ ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಅಡುಗೆ ಮನೆಯ ಓವನ್ ಮಾತ್ರ ಬೇಡ.

ತೂತು ಹುಡುಕುವ ಕೆಲಸ

ಇದೇ ಈ ಲೇಖನದ ಮುಖ್ಯ ಭಾಗ. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಹೊಟ್ಟೆಯ ನಡುಗೆರೆಯುದ್ದಕ್ಕೂ, ರೆಕ್ಕೆಯ ಅಡಿಯ ಹಿಂದಿನ ಅಂಚಿನ ಹತ್ತಿರ, ಬಾಲದ ಅಲ್ಲಾಡುವ ಭಾಗಗಳ ತುದಿಯಲ್ಲಿ, ಚಕ್ರದ ಬಾಗಿಲುಗಳ ಮೂಲೆಯಲ್ಲಿ ಈ ತೂತುಗಳಿರುತ್ತವೆ. ಬಗ್ಗಿ ನೋಡಿದರೆ ಕಾಣುವುದಿಲ್ಲ, ಅಂಗಾತ ಮಲಗಿ ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದರೆ ನೆರಳಿನಲ್ಲಿ ತಗ್ಗು ಕಾಣುತ್ತದೆ. ಬಿದಿರು ಕಡ್ಡಿ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಕಬ್ಬಿಣದ ಮೊಳೆ ಹಾಕಿದರೆ ತೂತಿನ ಅಂಚಿನ ಲೇಪ ಕಿತ್ತು ಅಲ್ಲಿಂದಲೇ ಕೊರೆತ, ಅಂದರೆ ಲೋಹವನ್ನು ತಿನ್ನುವ ಕಾಯಿಲೆ, ಶುರುವಾಗುತ್ತದೆ. ಸಿಕ್ಕ ಪ್ರತಿ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುಂಡು ಗುರುತು ಮಾಡಿ ಫೋಟೋ ತೆಗೆದು, ಸಂಖ್ಯೆ ಕೊಟ್ಟು ಪುಸ್ತಕಕ್ಕೇರಿಸಿ. ಆಮೇಲೆ ಮೇಲಿನಿಂದ ಒಂದು ಚೊಂಬು ನೀರು ಹುಯ್ದು, ಎಷ್ಟು ಹೊತ್ತಿಗೆ ಎಲ್ಲಿಂದ ಬಂತು ನೋಡಿ. ನಮ್ಮ ಕಿರಣ್‌ನಲ್ಲಿ ಒಂದು ತೂತಿನಿಂದ ಹನಿಯೂ ಬರಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಕುಂಬಾರ ಹುಳು ಅರ್ಧ ಮೊಳ ಉದ್ದದ ಮಣ್ಣಿನ ಮನೆ ಕಟ್ಟಿ, ಎಲೆಚೂರೆಲ್ಲ ಅದಕ್ಕೆ ಸಿಕ್ಕಿ, ಒಳ್ಳೆಯ ಒಡ್ಡು ಆಗಿತ್ತು.

ಹುಳು ಹುಪ್ಪಟೆಗೆ ವಿಮಾನ ಬಲು ಇಷ್ಟ. ಕುಂಬಾರ ಹುಳಕ್ಕೆ ವೇಗ ಅಳೆಯುವ ಪಿಟಾಟ್ ಕೊಳವೆಯೇ ಬೇಕು. ತುಡುವೆ ಜೇನು ಇಂಜಿನಿನ ಹಿಂದಿನ ಕೊಳವೆಯಲ್ಲಿ ಕೂರುತ್ತದೆ, ಬಾವಲಿ ಚಕ್ರದ ಗೂಡಿನಲ್ಲಿ. ಒಮ್ಮೆ ಗಾಳಿ ಎಳೆಯುವ ಬಾಯಿಯೊಳಗೆ ಕೇರೆ ಹಾವು ಪೊರೆ ಬಿಟ್ಟು ಹೋಗಿತ್ತು. ತಡೆಯಲು ಪ್ಲಾಸ್ಟಿಕ್ ಹಾಳೆ ಬಿಗಿದು ಮುಚ್ಚಬೇಡಿ. ಸೊಳ್ಳೆ ಪರದೆಯಂಥ ನೈಲಾನ್ ಬಲೆಯನ್ನು ಮರದ ಚೌಕಟ್ಟಿಗೆ ಹಾಕಿ, ಬಾಯಿಗೆ ಸರಿಯಾಗಿ ಕೂರುವಂತೆ ಮಾಡಿಸಿ. ಗಾಳಿ ಆಡುತ್ತದೆ, ಹುಳು ನುಗ್ಗುವುದಿಲ್ಲ. ಜೇನು ಕೂತಿದ್ದರೆ ಹೊಗೆ ಹಾಕಬೇಡಿ, ಪೆಟ್ಟಿಗೆ ಜೇನು ಸಾಕುವವರು ಊರಿನಲ್ಲಿ ಇರುತ್ತಾರೆ. ಖುಷಿಯಿಂದ ಬಂದು ಕೊಂಡೊಯ್ಯುತ್ತಾರೆ.

ತೊಳೆಯುವುದು

ಕೆಳಗಿನಿಂದ ಮೇಲಕ್ಕೆ ಸೋಪು ಹಚ್ಚಿ, ಮೇಲಿನಿಂದ ಕೆಳಕ್ಕೆ ನೀರು ಬಿಡಿ. ತಲೆಕೆಳಗಾಗಿ ಮಾಡಿದರೆ ಕೊಳೆ ನೀರಿನ ಗೆರೆ ಒಣಗಿ ಕೂರುತ್ತದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಕಾರ್ ಶಾಂಪೂ, ಮೆತ್ತನೆ ಬ್ರಷ್, ಬಕೆಟ್ ನೀರು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಬೇಡ, ತಗಡಿನ ಜೋಡಣೆಯೊಳಗೆ ನೀರನ್ನು ತಳ್ಳಿಬಿಡುತ್ತದೆ. ಬ್ಲೀಚಿಂಗ್ ಪುಡಿ, ವಾಷಿಂಗ್ ಸೋಡಾ, ಟಾಯ್ಲೆಟ್ ಆ್ಯಸಿಡ್ ಯಾವುದೂ ಬೇಡ. ಅಂಟುವಾಳ ಆಗ್ತದಾ ಎಂದು ಒಬ್ಬರು ಕೇಳಿದ್ದರು. ಅದು ರೇಷ್ಮೆ ಸೀರೆಗೆ ಇರಲಿ.

ಲೋಹದ ಕಾಯಿಲೆ: ಬೋರ್ಡೋ ಕತ್ತಿಯ ಪಾಠ

ವಿಮಾನದ ಮೈ ಅಲ್ಯೂಮಿನಿಯಂಗೆ ತಾಮ್ರ ಬೆರೆಸಿದ ಮಿಶ್ರಲೋಹ, ಡ್ಯೂರಾಲುಮಿನ್ ವಂಶದ್ದು. ಬಲಕ್ಕೆ ತಾಮ್ರ ಬೇಕು, ಆದರೆ ಅದರಿಂದಲೇ ಕೊರೆತ ಬರುತ್ತದೆ. ಅದಕ್ಕೇ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹಚ್ಚಿರುತ್ತಾರೆ. ಕನ್ನಡಿಯಂತೆ ಹೊಳೆಯಲಿ ಎಂದು ಪಾಲಿಶ್ ಮಾಡಿಸಿದಾಗೆಲ್ಲ ಆ ಕಾಪಿನ ಪದರವನ್ನೇ ಕೆರೆಯುತ್ತಿರುತ್ತೀರಿ.

ಕೊರೆತ ಹೇಗೆ ನಡೆಯುತ್ತದೆ ಎಂದು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ಮೊದಲು ಏನು ಮಾಡುತ್ತೀರಿ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಉಪ್ಪು), ಒಂದು ಕಿಲೋ ಸುಣ್ಣ. ಸರಿಯಾಗಿದೆಯೋ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೀರಿ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣ ತಾನು ಕರಗಿ ತಾಮ್ರವನ್ನು ಮೈಮೇಲೆ ಕೂರಿಸಿಕೊಂಡಿತು. ಒಂದು ಲೋಹದ ಸಂಗದಲ್ಲಿ, ನಡುವೆ ನೀರಿದ್ದಾಗ, ದುರ್ಬಲವಾದದ್ದು ಕರಗುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ದುರ್ಬಲ. ರೆಕ್ಕೆಯಲ್ಲಿ ಉಕ್ಕಿನ ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅಲ್ಲಿ ನಡೆಯುತ್ತಿರುವುದೂ ಇದೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಗುಡ್ಡದ ಮೇಲಿನ ಇನ್ನೊಂದು ಕಡೆ ರೆಕ್ಕೆಗೆ ಪಾಚಿ ಹಿಡಿಯಿತೆಂದು, ತೋಟಕ್ಕೆ ಹೊಡೆದು ಉಳಿದ ಬೋರ್ಡೋ ಮದ್ದನ್ನೇ ಹೊಡೆಸಿದ್ದರು. ಪಾಚಿ ಸತ್ತಿತು, ನಿಜ. ಎರಡು ಮಳೆಗಾಲ ಕಳೆದು ನಾನು ನೋಡಿದಾಗ ಬಣ್ಣ ಎದ್ದಿದ್ದಲ್ಲೆಲ್ಲ ತಗಡಿನಲ್ಲಿ ಸೂಜಿ ಚುಚ್ಚಿದಂತೆ ಗುಳಿಗಳು, ಸುತ್ತ ನೀಲಿ ಹಸಿರು ಅಂಚು. ತಾಮ್ರವಿರುವ ಮದ್ದು, ಸುಣ್ಣ, ಸಿಮೆಂಟಿನ ನೀರು ಇವು ಅಲ್ಯೂಮಿನಿಯಂ ಹತ್ತಿರ ಸುಳಿಯಬಾರದು. ಶೆಡ್ ತೋಟದ ಪಕ್ಕದಲ್ಲಿದ್ದರೆ ಮದ್ದು ಹೊಡೆಯುವ ದಿನ ಬಟ್ಟೆ ಹೊದಿಸಿ.

ಕಾಯಿಲೆ ಗುರುತಿಸುವುದು ಹೀಗೆ. ಬಣ್ಣದಡಿ ದಾರ ಹರಿದಾಡಿದಂತೆ ಗೆರೆ ಎದ್ದರೆ ಅದು ಮೇಲ್ಮೈಯದ್ದು, ಹೆದರಬೇಕಿಲ್ಲ. ಸುಣ್ಣದ ಡಬ್ಬಿ ಚೆಲ್ಲಿದಂತೆ ಬಿಳಿ ಪುಡಿ, ಕೆಳಗೆ ಗುಳಿ: ಕೂಡಲೇ ಗಮನ ಕೊಡಿ. ಅಂಚಿನಲ್ಲಿ ಲೋಹ ಚಿರೋಟಿಯ ಹಾಗೆ ಪದರ ಪದರವಾಗಿ ಎದ್ದಿದ್ದರೆ ಆ ಭಾಗದ ಬಲ ಹೋಯಿತು. ಅದು ರೆಕ್ಕೆ ಮೈಗೆ ಸೇರುವ ಜಾಗದಲ್ಲೋ ಚಕ್ರದ ಕಾಲಿನಲ್ಲೋ ಇದ್ದರೆ ಯಾರನ್ನೂ ಅಡಿಯಲ್ಲಿ ನಿಲ್ಲಲು ಬಿಡದೆ ಮೊದಲು ಊರೆ ಕೊಡಿ.

ಮದ್ದು ಮಾಡುವಾಗ ನೈಲಾನ್ ಉಜ್ಜುಗ, ಪ್ಲಾಸ್ಟಿಕ್ ಚಾಕು ಸಾಕು. ಕೈಗೆ ಜನ ಬೇಕಾದರೆ ಭದ್ರಾವತಿಯಲ್ಲಿ ಹುಡುಕಿ. 1923ರಿಂದ ಕಬ್ಬಿಣ ಕರಗಿಸಿದ ಊರು, ಅಳತೆ ತಿಳಿದ ಹಳೇ ಫಿಟ್ಟರ್‌ಗಳಿದ್ದಾರೆ. ಆದರೆ ಕಬ್ಬಿಣಕ್ಕೆ ಒಗ್ಗಿದ ಕೈ ಮೊದಲು ಹುಡುಕುವುದು ತಂತಿ ಬ್ರಷ್ಷನ್ನು. ತಂತಿ ಬ್ರಷ್, ಸ್ಟೀಲ್ ಉಜ್ಜುಗ, ಕಬ್ಬಿಣ ಉಜ್ಜಿದ ಮರಳು ಕಾಗದ ಅಲ್ಯೂಮಿನಿಯಂಗೆ ತಾಗಿದರೆ ಕಬ್ಬಿಣದ ಕಣ ಅದರೊಳಗೆ ಹೂತು ಕೂತು, ಒಂದೊಂದೂ ಹೊಸ ಗುಳಿ ತೋಡುತ್ತದೆ. ಮೊದಲ ದಿನವೇ ಅವರ ಚೀಲದಿಂದ ತಂತಿ ಬ್ರಷ್ ತೆಗೆದಿಡಿ, ಬೇಜಾರಾದರೂ ಚಿಂತೆಯಿಲ್ಲ.

ಬಿಳಿ ಪುಡಿ ಪೂರ್ತಿ ತೆಗೆದು, ತೊಳೆದು, ಒಣಗಿಸಿ, ಅಲ್ಯೂಮಿನಿಯಂಗೆಂದೇ ಇರುವ ರಾಸಾಯನಿಕ ಲೇಪ ಕೊಟ್ಟು, ಅದೇ ದಿನ ಎಪಾಕ್ಸಿ ಪ್ರೈಮರ್ ಹಚ್ಚಿ. ತೂತಾದ ಕಡೆ ಕಾರಿನ ಪುಟ್ಟಿ, ಎಂ-ಸೀಲ್ ಮೆತ್ತಬೇಡಿ, ಅಡಿಯಲ್ಲಿ ತೇವ ಹಿಡಿದುಕೊಂಡು ಇನ್ನೂ ತಿನ್ನುತ್ತದೆ.

ಪರ್‌ಸ್ಪೆಕ್ಸ್, ಟೈರು, ಬಟ್ಟೆ

ಕಾಕ್‌ಪಿಟ್ ಮುಚ್ಚಳವನ್ನು ಗಾಜು ಎಂದುಕೊಂಡು ಪೆಟ್ರೋಲ್, ಥಿನ್ನರ್, ಕಿಟಕಿ ಒರೆಸುವ ನೀಲಿ ದ್ರಾವಣ ಹಾಕಿದರೆ ಒಳಗೊಳಗೇ ಕೂದಲಂಥ ಬಿರುಕು ಬಿಡುತ್ತದೆ. ಉಂಗುರ, ವಾಚು ತೆಗೆದಿಟ್ಟು, ಬರಿಗೈಯಲ್ಲಿ ನೀರು ಹಾಕಿ ಧೂಳು ಜಾರಿಸಿ, ಆಮೇಲೆ ಹಳೇ ಪಂಚೆಯ ತುಂಡಿನಿಂದ ಒರೆಸಿ. ಟೈರಿಗೆ ಎಣ್ಣೆ ಬೇಡ, ಬಿಸಿಲು ಬೇಡ. ಟೈಗರ್ ಮಾತ್‌ನಂಥ ಬಟ್ಟೆ ಹೊದಿಸಿದ ವಿಮಾನ ನಿಮ್ಮ ಪಾಲಿಗೆ ಬಂದರೆ ಮಲೆನಾಡಿನಲ್ಲಿ ಬಯಲಿಗೆ ಇಡುವ ಮಾತೇ ಇಲ್ಲ. ಮುಚ್ಚಿದ ಕೋಣೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಟೈಗರ್ ಮಾತ್‌ನ ಒಳಗಿನ ಮರಕ್ಕೆ ಗೆದ್ದಲು ಬರಲು ಒಂದು ಮಳೆಗಾಲ ಸಾಕು.

ಬಣ್ಣ ಮತ್ತು ಗುರುತು

ಬಣ್ಣಕ್ಕೆ ಕೈ ಹಾಕುವ ಮೊದಲು ಕಾಣದ ಮೂಲೆಯಲ್ಲಿ ರೂಪಾಯಿ ನಾಣ್ಯದಗಲ ಜಾಗವನ್ನು ನುಣುಪು ಕಾಗದದಿಂದ ನೀರು ಹಚ್ಚಿ ಓರೆಯಾಗಿ ಉಜ್ಜಿ. ಮರ ಕಡಿದಾಗ ಕಾಣುವ ಉಂಗುರಗಳಂತೆ ಒಂದೊಂದು ಕಾಲದ ಬಣ್ಣವೂ ಸುತ್ತಾಗಿ ಕಾಣುತ್ತದೆ. ನಮ್ಮ ಕಿರಣ್‌ನಲ್ಲಿ ಸಂಸ್ಥೆಯವರು ಹೊಡೆಸಿದ ಗೇಟಿನ ಬೆಳ್ಳಿ ಬಣ್ಣದ ಮೂರು ಸುತ್ತು, ಅದರಡಿ ಬಿಳಿ, ಅದರಡಿ ಕೇಸರಿ ಕೆಂಪು. ಆ ಕೇಸರಿ ಕಂಡಾಗ ನನಗೆ ನನ್ನ ಹಳೇ ಹ್ಯಾಂಗರ್ ನೆನಪಾಗಿ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದೆ. ಆ ನಾಣ್ಯದಗಲವನ್ನು ಹಾಗೇ ಬಿಟ್ಟು ಮೇಲೆ ತಿಳಿ ವಾರ್ನಿಶ್ ಹಚ್ಚಿದ್ದೇವೆ.

ವಾಯುಪಡೆಯ ಗುಂಡು ಗುರುತಿನಲ್ಲಿ ಹೊರಸುತ್ತು ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ತಿರುಗಮುರುಗ ಬರೆಸಿದವರು ಬೇಕಾದಷ್ಟಿದ್ದಾರೆ. 1947ರಿಂದ 1950ರವರೆಗಿನ ವಿಮಾನವಾದರೆ ಅಲ್ಲಿ ಅಶೋಕ ಚಕ್ರವಿತ್ತು. ನಿಮ್ಮ ವಿಮಾನ ಯಾವ ಕಾಲದ್ದೋ ಆ ಕಾಲದ್ದನ್ನೇ ಬರೆಸಿ. ಮೂತಿಗೆ ಹುಲಿ ಹಲ್ಲು ಬರೆಸೋಣ ಎನ್ನುವ ಉತ್ಸಾಹಿಗಳನ್ನು ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿ.

ಬಣ್ಣ ಹೊಡೆಯಲು ಸಂಕ್ರಾಂತಿಯಿಂದ ಹೋಳಿಯವರೆಗೆ ಒಳ್ಳೆಯ ಕಾಲ. ಅದರಲ್ಲೂ ಬೆಳಿಗ್ಗೆ ಬೇಗ ಬೇಡ. ಕಾವಳ ಹರಿದು, ತಗಡಿನ ಮೇಲಿನ ಇಬ್ಬನಿ ಆರಿ, ಲೋಹ ಕೈಗೆ ಬೆಚ್ಚಗೆ ತಾಗಬೇಕು. ತಗಡಿನ ಶಾಖ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ನಮ್ಮ ಕಡೆ ಅದು ಹತ್ತು ಹನ್ನೊಂದು ಗಂಟೆ. ಮಧ್ಯಾಹ್ನ ಮೂರಕ್ಕೆ ಬ್ರಷ್ ತೊಳೆದಿಡಿ.

ಮಳೆ ನಕ್ಷತ್ರದ ಪಂಚಾಂಗ

ಕೈಪಿಡಿಗಳಲ್ಲಿ "ಆರು ತಿಂಗಳಿಗೊಮ್ಮೆ ಪರೀಕ್ಷಿಸಿ" ಎಂದಿರುತ್ತದೆ. ನಾನು ನಮ್ಮ ಲೆಕ್ಕಕ್ಕೆ ಬದಲಿಸಿಕೊಂಡಿದ್ದೇನೆ. ರೋಹಿಣಿ ಮಳೆಯ ಹೊತ್ತಿಗೆ ಎಲ್ಲಾ ತೂತು ಬಿಡಿಸಿ ಚೊಂಬು ನೀರಿನ ಪರೀಕ್ಷೆ. ಮೃಗಶಿರ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಎರಚಲು ತಟ್ಟಿ ಕಟ್ಟಿ, ಸಿಲಿಕಾ ಜೆಲ್ ನೇತುಹಾಕಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ: ಈ ನಾಲ್ಕು ಮಳೆಯಲ್ಲಿ ವಾರಕ್ಕೊಮ್ಮೆ ಅಡಿಯಲ್ಲಿ ಮಲಗಿ ನೋಡಿ, ಮೀಟರಿನ ಅಂಕಿ ಬರೆದಿಡಿ. ಒಂದು ಗಂಟೆ ಬಿಸಿಲು ಬಿದ್ದರೂ ಕಾಕ್‌ಪಿಟ್ ತೆರೆದಿಡಿ, ಮನೆಯಲ್ಲಿ ಹಾಸಿಗೆ ಒಣಗಿಸಲು ಓಡುವ ಹಾಗೆ. ಸ್ವಾತಿ ಕಳೆದ ಮೇಲೆ ತಟ್ಟಿ ಬಿಚ್ಚಿ, ಪೂರ್ತಿ ತೊಳೆದು, ಹಿಂದಿನ ವರ್ಷದ ಫೋಟೋ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಕಲೆಯನ್ನೂ ಹೋಲಿಸಿ.

ಕಳೆದ ಸಲ ಹೋಲಿಸಿದಾಗ ಕಿರಣ್‌ನ ಎಡ ರೆಕ್ಕೆಯ ಹನ್ನೊಂದನೇ ತೂತಿನ ಬಳಿಯ ಬಿಳಿ ಪುಡಿ ಹಿಂದಿನ ವರ್ಷದಷ್ಟೇ ಇತ್ತು. ಹದಿನಾಲ್ಕನೆಯದರ ಹತ್ತಿರ ಎರಡು ಮಿಲಿಮೀಟರ್ ಹೆಚ್ಚಾಗಿತ್ತು. ಈ ರೋಹಿಣಿಗೆ ಮೊದಲು ಅದರ ಮುಚ್ಚಳ ಬಿಚ್ಚಬೇಕು.